ಮಂಕಿ ಕ್ಯಾಪ್ ತೊಟ್ಟ ಕಡಲೆ ಗಿಡ

೧೯೯೭ರ ಜನವರಿಯ ಒಂದು ಸೋಮವಾರ, ಬೆಳಿಗ್ಗೆ ಐದೂವರೆ. ವಿಮಾನಪುರದ ನಮ್ಮ ಮನೆಯ ಅಂಗಳದಲ್ಲಿ ಸ್ಕೇಲು ಹಿಡಿದ ನಾನು, ಮೊಮ್ಮಗಳು ಶುಭಾ. ಎದುರಿಗೆ ನನ್ನ ಮಂಕಿ ಕ್ಯಾಪ್ ತೊಟ್ಟ ಕುಂಡ!

ಚಳಿಗೆ ಕಡಲೆ ಗಿಡ ಕುಗ್ಗುತ್ತದೆಂದು ಶುಭಾ ಅಂದು ಶಾಲೆಯಲ್ಲಿ ತೋರಿಸಬೇಕಿತ್ತು. ಅದಕ್ಕೆಂದೇ ಎರಡು ವಾರ ಒಂದು ಕುಂಡವನ್ನು ಒಳಗೆ, ಇನ್ನೊಂದನ್ನು ಹೊರಗೆ ಇಟ್ಟಿದ್ದೆವು. ಎರಡೂ ಸಮನಾಗಿ ಬೆಳೆದದ್ದೇಕೆಂದು ಈಗ ತಿಳಿಯಿತು.

"ಪಾಪ ರೀ, ಎಳೇ ಗಿಡ. ದಿನಾ ನೀವು ಏಳೋ ಮುಂಚೆ ತೆಗೀತಿದ್ದೆ, ಇವತ್ತು ಮರೆತ್ಬಿಟ್ಟೆ," ಎಂದಳು ನನ್ನ ಹೆಂಡತಿ.

"ಈಗ ಮಿಸ್‌ಗೆ ಏನ್ ಹೇಳ್ಲಿ ಅಜ್ಜಿ?" ಶುಭಾ ಅಳತೊಡಗಿದಳು.

ನಿಜವನ್ನೇ ಬರೆ ಎಂದೆ. "ಎರಡೂ ನಾಲ್ಕು ಇಂಚು. ಕಾರಣ: ಅಜ್ಜಿ" ಎಂದು ಚಾರ್ಟಿನಲ್ಲಿ ಬರೆದಳು. ಅಳತೆ ಸರಿಯಿದೆಯೆಂದು ಕೆಳಗೆ ಸಹಿ ಹಾಕಿ, ಏಳೂವರೆಗೆ ಅವಳನ್ನು ಶಾಲೆಯ ಬಸ್ಸು ಹತ್ತಿಸಿದೆ.