ಗೋಡೆ ಕಟ್ಟಿಸಿದವರು

ಭೂಮಿಯ ಹೊಟ್ಟೆಯಿಂದ ಕಲ್ಲಿದ್ದಲು ಎತ್ತುವವರಿಗೂ, ಆ ಇದ್ದಲಿನಿಂದ ಉಗಿ ಎಬ್ಬಿಸಿ ಗಿರಣಿ ನಡೆಸುವವರಿಗೂ, ಕಬ್ಬಿನ ರಸ ಕಾಸಿ ಸಕ್ಕರೆ ಮಾಡುವವರಿಗೂ ಎಲ್ಲಿ ಯಾವ ಯಂತ್ರವನ್ನು ಕೂಡಿಸಬೇಕು, ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂದು ಹೇಳುವುದೇ ಒಂದು ವೃತ್ತಿ ಎಂಬುದು ನಮ್ಮವರಲ್ಲಿ ಬಹುಜನರಿಗೆ ಇಂದಿಗೂ ತಿಳಿಯದು. ಇಂಜಿನಿಯರ ಎಂದರೆ ಸರಕಾರಿ ರಸ್ತೆ, ಸೇತುವೆ, ಕಾಲುವೆ ಎಂದೇ ನಮ್ಮ ತಿಳಿವಳಿಕೆ. ಯಂತ್ರವನ್ನು ತಾನು ಮಾಡದೆ, ಮಾರದೆ, ಬರಿಯ ಸಲಹೆ ಕೊಟ್ಟು ಬದುಕುವ ಈ ಅಪರೂಪದ ವೃತ್ತಿಯಲ್ಲಿ ಪುಣೆಯ ಕನ್ನಡಿಗರ ಪೈಕಿ ಮೊದಲಿಗರಾಗಿ ಕಾಲಿಟ್ಟು, ಮೂವತ್ತನಾಲ್ಕು ವರ್ಷ ಒಂದೇ ಕಚೇರಿಯಲ್ಲಿ ದುಡಿದು, ಅರವತ್ತು ತುಂಬಿದ ಈ ಸಂದರ್ಭದಲ್ಲಿ ನಿವೃತ್ತರಾಗುತ್ತಿರುವ ಶ್ರೀ ಅವಧೂತರಾವ ಪಂಢರಿನಾಥ ಗಲಗಲಿಯವರನ್ನು ಅಭಿನಂದಿಸುವ ಭಾಗ್ಯ ನನ್ನ ಪಾಲಿಗೂ ಬಂದಿದೆ.

ಈ ಅಭಿನಂದನ ಗ್ರಂಥದ ಸಂಪಾದಕರು ನನಗೆ ಬರೆದು, "ರಾಯರ ಸೌಜನ್ಯವನ್ನು ಕುರಿತು ನಾಲ್ಕು ಸವಿಮಾತು" ಕೇಳಿದ್ದಾರೆ. ಸವಿಮಾತು ಬರೆಯಬಲ್ಲವರು ಈ ಗ್ರಂಥದಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರಲ್ಲಿ ಕೆಲವರು ರಾಯರನ್ನು ಎರಡು ಸಲವಾದರೂ ಕಂಡಿದ್ದಾರೋ ಇಲ್ಲವೋ ನಾನರಿಯೆ. ನಾನು ಅವರ ಪಕ್ಕದ ಮೇಜಿನಲ್ಲಿ ಇಪ್ಪತ್ತಾರು ವರ್ಷ ಕುಳಿತವನು. ಸಿಹಿ ನನ್ನ ಕೈಗೆ ಒಗ್ಗುವುದಿಲ್ಲ. ಯುದ್ಧ ಮುಗಿದರೂ ಕಾಗದದ ಅಭಾವ ಮುಗಿಯದ ಈ ದಿನಗಳಲ್ಲಿ ಬರೆಯುವುದೇ ಆದರೆ, ಬೇರೆ ಯಾರೂ ಬರೆಯಲಾರದ್ದನ್ನು ಬರೆಯುವುದೇ ಲೇಸೆಂದು ಭಾವಿಸಿದ್ದೇನೆ.

ಕೃಷ್ಣೆಯ ದಂಡೆಯ ಗಲಗಲಿ ರಾಯರ ಮೂಲ. ಓದಲೆಂದು ಪುಣೆಗೆ ಬಂದು, ಓಂಕಾರೇಶ್ವರದ ಬಳಿಯಿದ್ದ ಚಿಕ್ಕಮ್ಮ ರಂಗೂಬಾಯಿಯವರ ಮನೆಯಲ್ಲಿ ಬೆಳೆದು, ಇಂಜಿನಿಯರಿಂಗ ಪದವಿ ಪಡೆದು, ೧೯೧೨ರಲ್ಲಿ ಶನಿವಾರ ಪೇಠೆಯ ಪಾಟಣಕರ ಮಂಡಳಿಯೆಂಬ ಸಲಹೆಗಾರರ ಕಂಪನಿಯನ್ನು ಸೇರಿದರು. ಏಕನಾಥರಾವ ಪಾಟಣಕರರು ಅದರ ಧಣಿಗಳು. ವಾಡೆಯ ಮಾಳಿಗೆಯ ಮೇಲೆ ಕಚೇರಿ. ಕೆಳಗೆ, ಗಿರಾಕಿಗಳಿಗೆ ಕೂಡಿಸಿಕೊಡಲೆಂದು ತರಿಸಿದ ಪಂಪು, ಕೊಳವೆ, ಬೋಲ್ಟು ಬಿಗಿಯುವ ಪಾನೆಗಳ ಉಗ್ರಾಣ. ಹಿಂದಿನ ಸಾಲುಕೋಣೆಗಳಲ್ಲಿ ಮಂಡಳಿಯ ಫಿಟ್ಟರರ ಸಂಸಾರಗಳು. ೧೯೨೦ರಲ್ಲಿ ನಾನು ಯಂತ್ರಗಳ ನಕಾಶೆ ಬರೆಯುವವನಾಗಿ ಅಲ್ಲಿಗೆ ಹೋದಾಗ ರಾಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾಂತಪ್ಪಾ, ಗೆರಿ ನೆಟ್ಟಗ ಎಳೀತೀಯೋ, ಇಲ್ಲಾ ಊರ ಸುದ್ದಿ ಹೇಳ್ಕೋತ ಎಳೀತೀಯೋ?" ಎಂದು ಕೇಳಿದರು. ನಾನು ಎರಡನ್ನೂ ಮಾಡುತ್ತೇನೆಂದು ಅವರಿಗೆ ಬೇಗನೆ ತಿಳಿಯಿತು.

ಅವರೊಡನೆ ಪ್ರವಾಸ ಮಾಡುವುದೆಂದರೆ ಒಂದು ಶಿಕ್ಷೆ. ಮೂರನೆಯ ತರಗತಿಯ ಡಬ್ಬಿಯಲ್ಲಿ ಕೊಡೆಯನ್ನು ತಬ್ಬಿಕೊಂಡು ಅವರು ಹೊಡೆಯುತ್ತಿದ್ದ ಗೊರಕೆಗೆ ಮಗ್ಗುಲಿನವರು ಎದ್ದು ಹೋಗುತ್ತಿದ್ದರು. ಅವರ ಮರಾಠಿಯನ್ನು ಕೇಳಿದ ಪುಣೆಯವರು ಇಂದಿಗೂ ನಗುತ್ತಾರೆ. ಆದರೆ ನನ್ನ ಹೆಂಡತಿ ಗೌರಾಬಾಯಿ ವಿಷಮಜ್ವರದಿಂದ ಹಾಸಿಗೆ ಹಿಡಿದಾಗ, ನಾನು ಹೋಗಬೇಕಿದ್ದ ಗದಗಿನ ಅರಳೆ ಗಿರಣಿಗೆ ಮಾತಿಲ್ಲದೆ ತಾವು ಹೋಗಿಬಂದವರು ಅವರೇ. ಹಿಂದಿರುಗಿದ ದಿನ ನನ್ನನ್ನು ಮೇಜಿನಲ್ಲಿ ಕಂಡು, ಮನೆಯಲ್ಲಿರುವುದನ್ನು ಬಿಟ್ಟು ಇಲ್ಲೇನು ಮಾಡುತ್ತೀ ಎಂದು ಎಲ್ಲರೆದುರು ಬೈದವರೂ ಅವರೇ. ಅಂದು ನನಗೆ ಬಂದ ಕಣ್ಣೀರು ಬೈಗುಳದ್ದಲ್ಲ.

ಇನ್ನು ಬರೆಯಬೇಕಾದ್ದಕ್ಕೆ ಬರುತ್ತೇನೆ.

ನಮ್ಮ ಮಂಡಳಿಯ ಪ್ರತಿಯೊಂದು ವರದಿಯ ಕಡೆಯಲ್ಲಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಅಚ್ಚಾಗಿರುತ್ತಿತ್ತು. "ಇದು ಸಲಹೆ ಮಾತ್ರ, ಇದರಂತೆ ನಡೆಯುವುದೂ ಬಿಡುವುದೂ, ಅದರ ಪರಿಣಾಮವೂ ಮಾಲೀಕರಿಗೆ ಸೇರಿದ್ದು" ಎಂಬುದು ಅದರ ತಾತ್ಪರ್ಯ. ಈ ವೃತ್ತಿಯಲ್ಲಿರುವ ಎಲ್ಲರ ಕಾಗದದ ಮೇಲೂ ಇಂಥದೊಂದು ಸಾಲು ಇದ್ದೇ ಇರುತ್ತದೆ. ನಾವು ಯಾರೂ ಅದನ್ನು ಓದುತ್ತಿರಲಿಲ್ಲ.

೧೯೨೮ರಲ್ಲಿ ವರ್ಧಾ ನದಿಯಾಚೆಯ ಒಂದು ಕಲ್ಲಿದ್ದಲು ಗಣಿಗೆ ಮಂಡಳಿಯು ಹೊಸ ಪಂಪು ಕೂಡಿಸಿತು. ಗಣಿಯ ಹೆಸರು ಇಲ್ಲಿ ಬೇಡ. ಪಂಪು ನಡೆಸುವುದನ್ನು ಅಲ್ಲಿನವರಿಗೆ ಕಲಿಸಲು ನಮ್ಮ ಫಿಟ್ಟರ ಗೂಳಪ್ಪನನ್ನು ರಾಯರೇ ಆರಿಸಿ ಕಳುಹಿಸಿದ್ದರು. ಬಾಗಲಕೋಟೆಯ ಕಡೆಯ ಗೂಳಪ್ಪ ಹಾಡುತ್ತ ಕೆಲಸ ಮಾಡುವ ಮನುಷ್ಯ. ಅವನ ಹೆಂಡತಿ ನಾಗವ್ವ ವಾಡೆಯ ಹಿಂದಿನ ಕೋಣೆಯಲ್ಲಿ ಕೌದಿ ಹೊಲಿಯುತ್ತ ಅವನ ದಾರಿ ಕಾಯುತ್ತಿದ್ದಳು. ಕೊನೆಯ ಪರೀಕ್ಷೆಗೆಂದು ರಾಯರೂ ನಾನೂ ಹೋದೆವು. ಮರುದಿನ ಗೂಳಪ್ಪನನ್ನೂ ಕರೆದುಕೊಂಡು ಹಿಂದಿರುಗುವುದೆಂದು ಗೊತ್ತಾಗಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಗಣಿಯೊಳಗೆ ಬೆಂಕಿ ಬಿತ್ತು. ಗೂಳಪ್ಪನೂ ಇನ್ನು ಕೆಲವರೂ ಕೆಳಗೆ ಪಂಪಿನ ಬಳಿ ಇದ್ದರು. ಅವರನ್ನು ತರಲೆಂದು ಇಳಿಜಾರು ಸುರಂಗದಲ್ಲಿ ನುಗ್ಗಿದ ಜನ ಎರಡು ಸಲ ಹೊಗೆಗೆ ಹಿಂದಿರುಗಿದರು. ಎರಡನೆಯ ಸಲ ಅವರಲ್ಲೊಬ್ಬನನ್ನು ಹೆಣವಾಗಿ ಎಳೆದು ತಂದರು. ಆದರೂ ಮೂರನೆಯ ಸಲ ಹೋಗುತ್ತೇವೆಂದು ಒಳಗಿನವರ ಅಣ್ಣತಮ್ಮಂದಿರು ಮುಂದೆ ಬಂದು ನಿಂತಿದ್ದರು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಈ ಗಣಿಗೂ ನೆರೆಯ ಗಣಿಗೂ ಒಳಗಿಂದೊಳಗೆ ದಾರಿಯಿತ್ತು, ನೆರೆಯದರಲ್ಲಿ ಇಳಿದಿದ್ದ ನೂರಾರು ಜನ ಇನ್ನೂ ಮೇಲೆ ಬಂದಿರಲಿಲ್ಲ. ಗಾಳಿ ಒಳಗೆ ಹೋಗುತ್ತಿದ್ದಷ್ಟು ಹೊತ್ತೂ ಬೆಂಕಿ ಬೆಳೆಯುವುದು. ಅನಿಲ ಕೂಡಿ ಸಿಡಿದರೆ ಎರಡೂ ಗಣಿಗಳು ಹೋದಂತೆಯೇ. ಗಾಳಿಯನ್ನು ತಡೆಯುವುದಕ್ಕೆ ಸುರಂಗದ ಬಾಯಿಗೆ ಇಟ್ಟಿಗೆಯ ಗೋಡೆ ಕಟ್ಟಬೇಕು. ಕಟ್ಟಿದರೆ ಒಳಗಿದ್ದವರು ಒಳಗೇ.

ಗಣಿಯ ವ್ಯವಸ್ಥಾಪಕರು ರಾಯರತ್ತ ತಿರುಗಿ, ನಿಮ್ಮ ಸಲಹೆಯನ್ನು ಬರೆದು ಕೊಡಿ ಎಂದರು. ರಾಯರು ಗಣಿಗೆ ಗಾಳಿಯಾಡಲು ತೋಡಿದ್ದ ಗಾಳಿಬಾವಿಯ ಬಳಿಗೆ ಹೋಗಿ ಹೊಗೆಯ ಬಣ್ಣವನ್ನೂ ವಾಸನೆಯನ್ನೂ ಬಹಳ ಹೊತ್ತು ಪರೀಕ್ಷಿಸಿ ಬಂದರು. ಅವರ ಹುಬ್ಬಿಗೆಲ್ಲ ಮಸಿ ಹತ್ತಿತ್ತು.

"ಕಾಂತಪ್ಪಾ, ಗೂಳಪ್ಪ ಒಳಗಿದ್ದಾನ" ಎಂದರು.

"ಹೌದ್ರಿ" ಎಂದೆ.

ಅವರು ಮಂಡಳಿಯ ಅಚ್ಚಿನ ಕಾಗದ ತೆಗೆದು, ಕುಳಿತು ಬರೆದರು. ಹೊತ್ತು ಇಳಿಯುವುದರೊಳಗೆ ಗೋಡೆ ಎದ್ದಿತು, ಗಾಳಿಬಾವಿಯ ಮೇಲೆ ತಗಡು ಹೊದಿಸಿ ಜೇಡಿಮಣ್ಣು ಮೆತ್ತಿದ್ದಾಯಿತು. ನೆರೆಯ ಗಣಿಯ ಜನವೆಲ್ಲ ಜೀವಂತರಾಗಿ ಮೇಲೆ ಬಂದು ತಂತಮ್ಮ ಮನೆಗೆ ಹೋದರು. ಅವರಲ್ಲಿ ಒಬ್ಬರೂ ರಾಯರ ಹೆಸರನ್ನು ಕೇಳಲಿಲ್ಲ.

ಮುಂದೆ ವಿಚಾರಣೆ ನಡೆಯಿತು. ಸಲಹೆಗಾರರು ಹೇಳಿದಂತೆ ಮಾಡಿದೆವೆಂದು ವ್ಯವಸ್ಥಾಪಕರು ನುಡಿದರು. ಏಕನಾಥರಾಯರು ಕಾಗದದ ಕೆಳಗಿನ ಅಚ್ಚಿನ ಸಾಲನ್ನು ತೋರಿಸಿ, ನಮ್ಮದು ಸಲಹೆ ಮಾತ್ರ ಎಂದರು. ಇಬ್ಬರ ಮಾತೂ ಕಾಯದೆಗೆ ಸರಿಯಾಗಿತ್ತು. ಯಾರ ತಪ್ಪೂ ಇಲ್ಲವೆಂದು ವಿಚಾರಣೆ ಮುಗಿಯಿತು.

ಗಂಡನ ಸಲುವಾಗಿ ಬರಬೇಕಾದ ಪರಿಹಾರ ನಾಗವ್ವನಿಗೆ ಬಂದಿತ್ತು. ಅದರಲ್ಲಿ ಯಾರೂ ತಕರಾರು ಮಾಡಲಿಲ್ಲ. ಅವಳದು ಒಂದೇ ಪ್ರಶ್ನೆ. ಮಾಳಿಗೆಯ ಮೆಟ್ಟಿಲು ಹತ್ತಿ ಬಂದು, ಕಚೇರಿಯ ಬಾಗಿಲಲ್ಲಿ ನಿಂತು, "ಗ್ವಾಡಿ ಕಟ್ಟಿಸಿದವ್ರು ಯಾರ್ರಿ?" ಎಂದು ಕೇಳಿದಳು. ಗಣಿಯವರು ಎಂದರು ಏಕನಾಥರಾಯರು. ಅಣ್ಣ ಸಿದ್ದಲಿಂಗಪ್ಪನನ್ನು ಕರೆದುಕೊಂಡು ಗಣಿಗೆ ಹೋದಳು. ಪುಣೆಯವರು ಎಂದರು ಅಲ್ಲಿಯವರು. ತಿರುಗಿ ಬಂದು ಅದೇ ಬಾಗಿಲಲ್ಲಿ ನಿಂತಳು. "ಅವರು ನಿಮ್ಮನ್ನ ಹೇಳ್ತಾರ, ನೀವು ಅವರನ್ನ ಹೇಳ್ತೀರಿ. ಗ್ವಾಡಿ ತಾನಽ ಎದ್ದು ನಿಂತಿತೇನ್ರಿ?" ನಾನು ನಕಾಶೆಯ ಮೇಲೆ ಗೆರೆ ಎಳೆಯುತ್ತಲೇ ಇದ್ದೆ. ವಕೀಲರ ಮಾತಿನಂತೆ ಧಣಿಗಳು ರಾಯರಿಗೆ ಅವಳೊಡನೆ ಮಾತಾಡಕೂಡದೆಂದು ತಾಕೀತು ಮಾಡಿದ್ದರು. ರಾಯರು ಆ ತಿಂಗಳುಗಳನ್ನೆಲ್ಲ ಪ್ರವಾಸದಲ್ಲೇ ಕಳೆದರು. ಅಭಿನಂದನ ಗ್ರಂಥವೆಂದು ಇದನ್ನು ಮುಚ್ಚಿಡಲಾರೆ: ನನಗೆ ಅವರ ಮೇಲೆ ಬಹಳ ಸಿಟ್ಟು ಬಂದಿತ್ತು.

ಬೆಂಕಿ ಆರಿತೆಂದು ಖಾತ್ರಿಯಾದ ಮೇಲೆ, ಮರುವರ್ಷ, ಗೋಡೆಯನ್ನು ಒಡೆದರು. ಯಾರೂ ಕರೆಯದಿದ್ದರೂ ರಾಯರು ಹೊರಟರು, ನಾನೂ ಹೋದೆ. ಮೊದಲು ಒಳಗೆ ಕಾಲಿಟ್ಟವರಲ್ಲಿ ಅವರೊಬ್ಬರು. ಗೂಳಪ್ಪ ಪಂಪಿನ ಹತ್ತಿರ ಇರಲಿಲ್ಲ. ಇಳಿಜಾರಿನ ಅರ್ಧ ದಾರಿ ಏರಿ, ಗೋಡೆಯ ಕಡೆಗೆ ತಲೆಮಾಡಿ ಬಿದ್ದಿದ್ದ. ಗೋಡೆ ಕಟ್ಟುವ ಮೊದಲೇ ಬಿದ್ದನೋ, ಆಮೇಲೆ ಬಿದ್ದನೋ ಹೇಳಲಾಗದೆಂದು ಡಾಕ್ಟರರು ಕೈಚೆಲ್ಲಿದರು.

ಪುಣೆಗೆ ಬಂದಿಳಿದ ರಾಯರು ಮನೆಗೆ ಹೋಗಲಿಲ್ಲ. ಟಾಂಗಾದಿಂದ ಇಳಿದು, ನನ್ನ ಕೈಯಲ್ಲಿ ಹಾಸಿಗೆಯ ಸುರುಳಿ ಇದ್ದಂತೆಯೇ, ನೇರವಾಗಿ ಹಿಂದಿನ ಕೋಣೆಯ ಬಾಗಿಲಿಗೆ ನಡೆದರು. ನಾಗವ್ವ ಕೌದಿಯನ್ನು ಬದಿಗೆ ಸರಿಸಿ ಎದ್ದು ನಿಂತಳು.

"ನಾಗವ್ವಾ, ಗ್ವಾಡಿ ಕಟ್ಟಿಸಿದಾಂವ ನಾನು. ಕಟ್ಟರಿ ಅಂತ ನಾನಽ ಬರದ ಕೊಟ್ಟೆ."

ಅವಳು ಹೊಸ್ತಿಲಿಗೆ ಬಂದು ನಿಂತಳು. "ಅವಾಗ ಅವರಿಗೆ ಜೀವ ಇತ್ತೇನ್ರಿ?"

"ಇರಲಿಕ್ಕಿಲ್ಲ ಅಂತ ತಿಳದು ಕಟ್ಟಿಸಿದೆ. ಖರೇ ಏನು ಅಂತ ಗೊತ್ತಿಲ್ಲವಾ. ಇದ್ದರೂ ಇದ್ದಿರಬಹುದು. ಗ್ವಾಡಿ ಕಡೆ ಬರಲಿಕ್ಕೆ ಹತ್ತಿದ್ದ."

"ಇಷ್ಟು ಹೇಳಲಿಕ್ಕೆ ಇಷ್ಟು ದಿನ ಬೇಕಾತೇನ್ರಿ ರಾಯರಽ?" ಎಂದು ನಾಗವ್ವ ಕದ ಹಾಕಿಕೊಂಡಳು.

ಹೊರಗೆ ಬಂದ ಮೇಲೆ ನಾನು ತಡೆಯಲಾರದೆ, ಮೊದಲೇ ಜೀವ ಹೋಗಿತ್ತೆಂದು ಹೇಳಿಬಿಟ್ಟಿದ್ದರೆ ಆ ಹೆಣ್ಣುಮಗಳಿಗೆ ಅಷ್ಟಾದರೂ ಸಮಾಧಾನವಿರುತ್ತಿತ್ತಲ್ಲ ಎಂದೆ. "ಗೊತ್ತಿದ್ದರ ಹೇಳತಿದ್ದೆ" ಎಂದರು ರಾಯರು. ಅವರ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಮರುದಿನ ಅವರ ಮೇಜಿನ ಮೇಲೆ ಒಂದು ಸಕ್ಕರೆ ಕಾರಖಾನೆಯ ವರದಿ ಸಹಿಗೆ ಬಂದಿತ್ತು. ಕೆಳಗಿನ ಅಚ್ಚಿನ ಸಾಲಿನ ಮೇಲೆ ರಾಯರು ಲೇಖನಿಯಿಂದ ಗೆರೆ ಎಳೆದು, ಅದರ ಕೆಳಗೆ "ಈ ಸಲಹೆಯಂತೆ ನಡೆದು ಆಗುವುದಕ್ಕೆ ನಾನು ಹೊಣೆ" ಎಂದು ಬರೆದು ಸಹಿ ಹಾಕಿದರು. ಏಕನಾಥರಾಯರು ಸಿಡಿಮಿಡಿಗೊಂಡರು, ವಕೀಲರನ್ನು ಕರೆಸಿದರು, ಕೊನೆಗೆ ಕೈಮುಗಿದು ಬೇಡಿಕೊಂಡರು. ನನ್ನ ಸಹಿ ಇದ್ದಲ್ಲಿ ಆ ಸಾಲು ಇರುವುದಿಲ್ಲ ಎಂಬುದೊಂದೇ ರಾಯರ ಉತ್ತರ. ರಾಯರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳುವ ಮಾತು ಅದುವರೆಗೆ ಧಣಿಗಳ ಬಾಯಿತುದಿಯಲ್ಲಿತ್ತು. ಅದು ಅಲ್ಲಿಗೇ ನಿಂತಿತು. ಮಂಡಳಿಯ ಫಲಕದ ಮೇಲೆ ಅವರ ಹೆಸರು ಇಂದಿಗೂ ಇಲ್ಲ. ಏಕನಾಥರಾಯರು ಕೆಟ್ಟವರೆಂದು ಯಾರೂ ತಿಳಿಯಬಾರದು. ನಲವತ್ತು ಸಂಸಾರಗಳು ಆ ಕಚೇರಿಯ ಅನ್ನ ಉಣ್ಣುತ್ತಿದ್ದವು, ಒಂದು ದಾವೆ ಸಾಕಾಗಿತ್ತು ಅದು ಮುಚ್ಚಲು.

ಅಂದಿನಿಂದ ರಾಯರ ಕೆಲಸ ಆಮೆಯ ನಡಿಗೆಯಾಯಿತು. ತಾವು ಕಣ್ಣಾರೆ ಕಾಣದ್ದಕ್ಕೆ ಸಹಿ ಹಾಕಲೊಲ್ಲರು. ಈಚಿನ ಯುದ್ಧಕಾಲದಲ್ಲಿ ಹಳೆಯ ಬಾಯ್ಲರುಗಳಿಗೆ ಬಣ್ಣ ಬಳಿದು, ಬೇಗ ಒಪ್ಪಿಗೆ ಕೊಡಿರೆಂದು ದುಂಬಾಲು ಬಿದ್ದ ಕಾರಖಾನೆಯವರು ಬೇಸತ್ತು ಬೇರೆ ಸಲಹೆಗಾರರ ಬಳಿಗೆ ಹೋದರು. ಅಂಥ ಒಂದು ಬಾಯ್ಲರು ಇಂದಿಗೂ ಸುಖವಾಗಿ ಉರಿಯುತ್ತಿದೆ ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ರಾಯರ ನಿಧಾನದಿಂದ ಎಷ್ಟು ಜೀವ ಉಳಿದವೆಂದು ಭಾಷಣಕಾರರು ಹೇಳಬಹುದು. ಸಂಭವಿಸದೆ ಹೋದ ಅನಾಹುತವನ್ನು ನಾನು ಎಣಿಸಲಾರೆ.

ಗೂಳಪ್ಪ ಸತ್ತ ಗಳಿಗೆ ಯಾರಿಗೂ ತಿಳಿಯದ್ದರಿಂದ ಗೋಡೆ ಎದ್ದ ದಿನವನ್ನೇ ನಾಗವ್ವ ಅವನು ತೀರಿದ ದಿನವೆಂದು ನಡೆಸುತ್ತಾಳೆ. ಪ್ರತಿವರ್ಷ ಆ ದಿನ ಬೆಳಿಗ್ಗೆ, ಕಚೇರಿಗೆ ಬರುವ ಮುಂಚೆ, ರಾಯರು ಅವಳ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಮೊದಲ ವರ್ಷ ಏಕೆ ಹೋದರೋ ನಾನು ಕೇಳಲಿಲ್ಲ. ನಾಗವ್ವ ಹೊರಗೆ ಬಂದು, "ಗ್ವಾಡಿ ಕಟ್ಟಿಸಿದವ್ರು ಯಾರ್ರಿ?" ಎಂದು ಕೇಳಿದಳು. "ನಾನವಾ" ಎಂದರು ರಾಯರು. ಅವಳು ಕದ ಹಾಕಿಕೊಂಡಳು. ಎರಡನೆಯ ವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಹೀಗೆ ನಡೆದುಬಂದಿದೆ. ಒಂದು ವರ್ಷ ಅವರು ಜ್ವರದಲ್ಲಿ ಕೋಲೂರಿಕೊಂಡು ಬಂದಿದ್ದರು. ಆಗಲೂ ಅವಳು ಕೂಡಿರೆನ್ನಲಿಲ್ಲ, ಅವರೂ ಕೂಡಲಿಲ್ಲ. ಇದನ್ನು ಕ್ಷಮೆಯೆಂದು ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ನಾಗವ್ವ ಕ್ಷಮಿಸಿಲ್ಲ, ರಾಯರು ಕೇಳಿಯೂ ಇಲ್ಲ.

ಅಭಿನಂದನ ಸಮಾರಂಭದ ಕರೆಯೋಲೆಯನ್ನು ಹಿಡಿದು ಕಳೆದ ವಾರ ನಾಗವ್ವನಲ್ಲಿಗೆ ನಾನೇ ಹೋಗಿದ್ದೆ. ಅವಳ ಕಣ್ಣುಗಳು ಮಂಜಾಗಿವೆ, ಸೂಜಿಗೆ ದಾರ ಪೋಣಿಸಿಕೊಡಲು ಮೊದಲು ನನಗೇ ಹೇಳಿದಳು. ರಾಯರಿಗೆ ಅರವತ್ತಾಯಿತು, ಕೆಲಸ ಬಿಡುತ್ತಿದ್ದಾರೆ, ಹಾರ ಹಾಕುವವರಿದ್ದೇವೆ ಎಂದು ತಿಳಿಸಿದೆ. ಅವಳ ಕೈ ನಿಂತಿತು.

"ಕೆಲಸಾ ಬಿಟ್ಟು ಊರಿಗೆ ಹೋಗ್ತಾರೇನ್ರಿ?"

ಇಲ್ಲ, ಪುಣೆಯಲ್ಲೇ ಇರುತ್ತಾರೆ ಎಂದೆ.

ಹಾರೈಕೆಯಿಲ್ಲದೆ ಇಂಥ ಲೇಖನ ಮುಗಿಯಬಾರದೆಂದು ಬಲ್ಲೆ. ಪೂಜ್ಯ ಅವಧೂತರಾಯರಿಗೆ ಆಯುರಾರೋಗ್ಯವನ್ನು ನಾನು ಕೋರುವುದಕ್ಕಿಂತ, ಅಂದು ನಾಗವ್ವ ಹೇಳಿಕಳುಹಿಸಿದ್ದನ್ನು ಅವರಿಗೆ ಮುಟ್ಟಿಸುವುದೇ ಉಚಿತ. ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ.

"ಹಾರಾ ಹಾಕೂದಕ್ಕ ನಾ ಬರಂಗಿಲ್ರಿ. ಆದ್ರ ಅವರಿಗೆ ಹೇಳ್ರಿ, ಭಾಳ ದಿನಾ ಬದಕ್ರಿ, ನನಗಿಂತ ಮೊದಲ ಹೋಗಬ್ಯಾಡ್ರಿ ಅಂತ. ಅವರು ಹ್ವಾದ್ರ ಆ ಗ್ವಾಡಿ ಯಾರೂ ಕಟ್ಟಿಸೇ ಇಲ್ಲ ಅಂದಂಗ ಆಗ್ತದ. ಬರೂ ವರ್ಷನೂ ಬರಲಿಕ್ಕೆ ಹೇಳ್ರಿ."