ಅಧ್ಯಕ್ಷರ ಮೂಲಕ

ಎರಡು ದಿನದಿಂದ ನಮ್ಮ ಬೀದಿಯಲ್ಲಿ ಪಾಲಿಶ್ ವಾಸನೆ. ಎದುರು ಮನೆಯವರು ಹಳೆಯ ಕುರ್ಚಿಗಳನ್ನೆಲ್ಲ ಅಂಗಳಕ್ಕೆ ತಂದು, ಅರಗು ಮತ್ತು ಸ್ಪಿರಿಟ್ ಬೆರೆಸಿ ಬಳಿಸುತ್ತಿದ್ದಾರೆ. ನನ್ನ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿ ಮುಚ್ಚುತ್ತಾಳೆ. ಅವಳು ಅಡುಗೆಮನೆಗೆ ಹೋದ ಮೇಲೆ ನಾನು ಅದನ್ನು ಮೆಲ್ಲನೆ ತೆಗೆಯುತ್ತೇನೆ. ಸಾಗರದಲ್ಲಿ ಹುಟ್ಟಿ, ಊರೂರು ಸುತ್ತಿ, ನಿವೃತ್ತನಾಗಿ ಮತ್ತೆ ಸಾಗರಕ್ಕೇ ಬಂದು ಕೂತಿರುವ ನನಗೆ ಈ ವಾಸನೆ ಬಂದರೆ ಒಬ್ಬ ಮನುಷ್ಯ ನೆನಪಾಗುತ್ತಾರೆ. ನೆನಪಾದರೆ ಮೊದಲು ನಗು ಬರುತ್ತದೆ. ಆಮೇಲೆ ಬರುವುದು ಬೇರೆ. ಅದನ್ನೂ ನಿಮಗೆ ಹೇಳುತ್ತೇನೆ, ಆದರೆ ಕ್ರಮವಾಗಿ. ಕ್ರಮ ತಪ್ಪಿದರೆ ಆ ಮನುಷ್ಯ ಇದ್ದಲ್ಲಿಂದಲೇ ಗಂಟೆ ಬಾರಿಸಿಯಾರು.

ಅರವತ್ತರ ದಶಕದ ಮೊದಲ ವರ್ಷಗಳು. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಒಂದು ಊರಿನ ಪಂಚಾಯ್ತಿಗೆ ನಾನು ಸೆಕ್ರೆಟರಿಯಾಗಿ ಹೋದೆ. ಮೀಸೆ ಆಗತಾನೆ ದಪ್ಪವಾಗಿತ್ತು. ಪಂಚಾಯ್ತಿ ಕಾಯ್ದೆಯನ್ನು ಪರೀಕ್ಷೆಗೆ ಓದುವ ಹಾಗೆ ಓದಿಕೊಂಡಿದ್ದೆ. ಈ ಹಳ್ಳಿಯವರಿಗೆ ಪ್ರಜಾಪ್ರಭುತ್ವ ಕಲಿಸಬೇಕಲ್ಲ ಎಂಬ ಚಿಂತೆ ಬಸ್ಸಿನಲ್ಲೇ ಶುರುವಾಗಿತ್ತು. ಇಳಿದ ಮೇಲೆ ಗೊತ್ತಾಯಿತು, ಅಲ್ಲಿ ನನಗಿಂತ ದೊಡ್ಡ ಹುಚ್ಚರೊಬ್ಬರು ಮೊದಲೇ ಇದ್ದರು.

ಅಧ್ಯಕ್ಷರಾದ ವಾಸುದೇವ ಕಾಮತರು ಊರಿನ ಜವಳಿ ಅಂಗಡಿಯವರು. ಗಿಡ್ಡ ದೇಹ, ಬಿಳಿ ಪಂಚೆ, ಮೂಗಿನ ಕೆಳಗೆ ಸದಾ ನಶ್ಯದ ಕಂದು ಗೆರೆ. ಒಮ್ಮೆ ಬಟ್ಟೆ ತರಲು ಬೆಂಗಳೂರಿಗೆ ಹೋದಾಗ ಯಾರೋ ಪಾಸು ಕೊಡಿಸಿ ಅವರನ್ನು ವಿಧಾನಸಭೆಯ ಗ್ಯಾಲರಿಯಲ್ಲಿ ಕೂರಿಸಿದ್ದರಂತೆ. ಅರ್ಧ ಗಂಟೆಗೆಂದು ಹೋದವರು ಸಭೆ ಮುಗಿಯುವ ತನಕ ಏಳಲಿಲ್ಲ. ಬಟ್ಟೆಯಂಗಡಿಗಳು ಮುಚ್ಚಿದ್ದವು, ಬರಿಗೈಯಲ್ಲಿ ವಾಪಸಾದರು.

"ಅಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡೋದು ಒಬ್ಬರೇ ಮಾರಾಯ್ರೆ, ಆ ಎತ್ತರದ ಕುರ್ಚೀಲಿ ಕೂತವರು" ಎಂದು ಅವರು ನನಗೆ ಮೊದಲ ದಿನವೇ ಹೇಳಿದರು. "ಆದ್ರೆ ಎಲ್ಲರೂ ಮಾತಾಡೋದು ಅವರ ಹತ್ರಾನೇ. ಒಬ್ಬನೂ ಪಕ್ಕದವನ ಮುಖ ನೋಡಿ ಮಾತಾಡಲ್ಲ. ನಾನು ಅಂಗಡಿ ಇಟ್ಟು ಇಷ್ಟು ವರ್ಷ ಆಯ್ತು, ಇಂಥ ಗಿರಾಕಿಗಳನ್ನ ಕಂಡಿಲ್ಲ."

ಅದೇ ವರ್ಷ ಅವರು ಪಂಚಾಯ್ತಿಗೆ ನಿಂತರು, ಗೆದ್ದರು, ಅಧ್ಯಕ್ಷರೂ ಆದರು. ಆದ ಕೂಡಲೇ ತಮ್ಮ ಕೈಯಿಂದಲೇ ಖರ್ಚು ಹಾಕಿ ಬೀಟೆ ಮರದ ಕೈಕುರ್ಚಿಯೊಂದನ್ನು ಮಾಡಿಸಿದರು. ಪಾಲಿಶ್ ಹೊಡೆದದ್ದು ಆಷಾಢದಲ್ಲಿ. ಮಲೆನಾಡಿನ ಆಷಾಢದಲ್ಲಿ ತೊಳೆದ ಚಡ್ಡಿಯೇ ವಾರಗಟ್ಟಲೆ ಒಣಗದು, ಪಾಲಿಶ್ ಒಣಗುವುದೆಲ್ಲಿ? ನಾನು ಕಂಡ ಮೊದಲ ಸಭೆಯಲ್ಲಿ ಸದಸ್ಯರೆಲ್ಲ ಎದ್ದು ನಿಂತು ಕೂಗಾಡುತ್ತಿದ್ದರು. ಅಧ್ಯಕ್ಷರು ಎದ್ದು ನಿಂತರೆ ಎಲ್ಲರೂ ಕೂರಬೇಕೆಂಬುದು ಕಾಮತರು ಗ್ಯಾಲರಿಯಿಂದ ತಂದ ನಿಯಮ. ಅವರು ಏಳಲು ನೋಡಿದರು. ಪಂಚೆ ಕುರ್ಚಿಗೆ ಅಂಟಿತ್ತು. ಇನ್ನೊಮ್ಮೆ ನೋಡಿದರು. ಬಟ್ಟೆ ಹರಿಯುವ ಸಣ್ಣ ಸದ್ದಾಯಿತು. ಜವಳಿ ವ್ಯಾಪಾರಿಗೆ ಆ ಸದ್ದು ಗೊತ್ತಾಗದೆ ಇರುತ್ತದೆಯೇ? ಅಲ್ಲಿಗೆ ನಿಲ್ಲಿಸಿ, ಕೂತಲ್ಲಿಂದಲೇ ಒಬ್ಬೊಬ್ಬರ ಮುಖವನ್ನೂ ಸುಮ್ಮನೆ ನೋಡತೊಡಗಿದರು. ಆ ನೋಟಕ್ಕೆ ಏನೋ ಅರ್ಥವಿದೆ ಎಂದುಕೊಂಡು ಸದಸ್ಯರು ಒಬ್ಬೊಬ್ಬರಾಗಿ ಕೂತರು. ಎಲ್ಲರೂ ಹೋದ ಮೇಲೆ ಅವರನ್ನು ಕುರ್ಚಿಯಿಂದ ಬಿಡಿಸಿದ್ದು ನಾನು.

ಈಗ ಆ ಪಂಚಾಯ್ತಿಯಲ್ಲಿದ್ದ ಇಬ್ಬರು ಅಣ್ಣತಮ್ಮಂದಿರ ವಿಷಯಕ್ಕೆ ಬರುತ್ತೇನೆ. ಮಂಜಪ್ಪಗೌಡರು ಅಣ್ಣ, ನಮ್ಮ ಪಂಚಾಯ್ತಿಯ ಉಪಾಧ್ಯಕ್ಷರು. ಈರಪ್ಪಗೌಡರು ತಮ್ಮ, ಸದಸ್ಯರು. ಇಬ್ಬರೂ ಮಾತು ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಕಾರಣ ಆಸ್ತಿಯಲ್ಲ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಯಲ್ಲಿ ಅಣ್ಣ ಒಂದು ಪಕ್ಷಕ್ಕೆ ಮನೆಮನೆ ತಿರುಗಿದರೆ, ತಮ್ಮ ಮನೆಯ ಎತ್ತಿನಗಾಡಿ ಹೂಡಿ ಇನ್ನೊಂದು ಪಕ್ಷದ ಮತದಾರರನ್ನು ಬೂತಿಗೆ ಸಾಗಿಸಿದ್ದರು. "ನಾನು ಮೇವು ಹಾಕಿ ಸಾಕಿದ ಎತ್ತು, ನನಗೇ ಎದುರಾಗಿ ಓಟು ಹೊತ್ತವು" ಎಂದರಂತೆ ಅಣ್ಣ. ಆ ಮಾತೇ ಕೊನೆ. ಮನೆ ಎರಡಾಯಿತು. ಮದುವೆ ಮುಂಜಿಗಳಲ್ಲಿ ಒಬ್ಬರು ಬಂದಾಗ ಇನ್ನೊಬ್ಬರು ಎದ್ದು ಹೋಗುತ್ತಿದ್ದರು. ತಮ್ಮನ ಹೆಸರು ಹೇಳಬೇಕಾದಲ್ಲಿ ಮಂಜಪ್ಪಗೌಡರು "ಆಚೆ ಮನೆಯವನು" ಎನ್ನುತ್ತಿದ್ದರು.

ಇಂಥವರಿಬ್ಬರು ಒಂದೇ ಕೋಣೆಯಲ್ಲಿ ಕೂತು ಊರಿನ ಬಾವಿ, ಮೋರಿ, ದೀಪದ ವಿಷಯ ತೀರ್ಮಾನಿಸುವುದು ಹೇಗೆ? ನನಗೂ ಅದೇ ಹೆದರಿಕೆಯಿತ್ತು. ಆದರೆ ಕಾಮತರ ಸಭೆಯಲ್ಲಿ ಯಾರೂ ಯಾರೊಂದಿಗೂ ನೇರ ಮಾತಾಡುವ ಹಾಗೇ ಇರಲಿಲ್ಲ. ಏನಿದ್ದರೂ ಅಧ್ಯಕ್ಷರಿಗೆ ಹೇಳಬೇಕು. ಉಳಿದವರಿಗೆ ಕಿರಿಕಿರಿಯಾಗಿದ್ದ ಈ ಕಟ್ಟಳೆ ಅವರಿಬ್ಬರಿಗೆ ಮಾತ್ರ ಹೇಳಿ ಮಾಡಿಸಿದಂತಿತ್ತು. ಮೊದಮೊದಲು ಬಾವಿ, ಮೋರಿಗಳ ವಿಷಯ ಮಾತ್ರ ಇತ್ತು. ಆಮೇಲೆ ಒಂದು ಸಭೆಗೆ ತಮ್ಮ ಬರಲಿಲ್ಲ. ಅದರ ಮುಂದಿನ ಸಭೆಯಲ್ಲಿ ಅಣ್ಣ ಎದ್ದು ನಿಂತರು.

"ಅಧ್ಯಕ್ಷರೇ, ಒಬ್ಬ ಸದಸ್ಯರು ಹೋದ ಸಭೆಗೆ ಬಂದಿರ್ಲಿಲ್ಲ. ಯಾಕೆ ಅಂತ ಸಭೆಗೆ ಗೊತ್ತಾಗ್ಬೇಕು."

ಕಾಮತರು ಈರಪ್ಪಗೌಡರ ಕಡೆ ತಿರುಗಿದರು. "ಅಧ್ಯಕ್ಷರೇ, ಜ್ವರ ಬಂದಿತ್ತು ಅಂತ ತಿಳಿಸಿ" ಎಂದರು ಅವರು.

"ಎಂಥ ಜ್ವರ ಅಂತ ಕೇಳ್ಬೇಕು, ಅಧ್ಯಕ್ಷರೇ."

"ಚಳಿಜ್ವರ, ಅಧ್ಯಕ್ಷರೇ."

"ತೀರ್ಥಹಳ್ಳಿ ಡಾಕ್ಟ್ರಿಗೆ ತೋರ್ಸಿದ್ರಾ, ಇಲ್ಲ ಬರೀ ಕಷಾಯ ಕುಡ್ದು ಮಲಗಿದ್ರಾ ಅಂತ ಕೇಳಿ."

ಮಹಿಳಾ ಸದಸ್ಯೆ ಪುಟ್ಟಮ್ಮ ಎಲೆಯಡಿಕೆ ಜಗಿಯುತ್ತ ಕೂತಿದ್ದವರು, "ಇದೆಂತ ಪಂಚಾಯ್ತಿಯೋ ಆಸ್ಪತ್ರೆಯೋ?" ಎಂದರು. ಕಾಮತರು ಒಂದು ಚಿಟಿಕೆ ನಶ್ಯ ಏರಿಸಿ, ಯೋಚಿಸಿ, ತೀರ್ಪು ಕೊಟ್ಟರು. "ಸಾರ್ವಜನಿಕ ಆರೋಗ್ಯ ಪಂಚಾಯ್ತಿಯ ಕರ್ತವ್ಯದಲ್ಲಿ ಸೇರಿದೆ. ಪ್ರಶ್ನೆ ಕ್ರಮಬದ್ಧವಾಗಿದೆ. ಸದಸ್ಯರು ಉತ್ತರ ಕೊಡಬೇಕು."

ಹೀಗೆ ನಡೆಯಿತು. ಮಗಳಿಗೆ ಗಂಡು ನೋಡುತ್ತಿರುವುದು, ಎಮ್ಮೆ ಕರು ಹಾಕಿದ್ದು, ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೆಯದು ಎನ್ನುವುದು, ಎಲ್ಲವೂ ಅಧ್ಯಕ್ಷರ ಮೂಲಕ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೋದವು. ಸಭೆ ಮುಗಿದು ಗಂಟೆ ಬಾರಿಸಿದರೆ ಇಬ್ಬರೂ ಮುಖ ತಿರುಗಿಸಿ ಬೇರೆ ಬೇರೆ ದಾರಿ ಹಿಡಿಯುತ್ತಿದ್ದರು. ಮತ್ತೆ ಮಾತು ಮುಂದಿನ ತಿಂಗಳೇ.

ಕಾಮತರ ಶಿಸ್ತಿಗೆ ಬೆಲೆಯನ್ನೂ ತೆರಬೇಕಾಗಿತ್ತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸಭೆ ನಡೆಸಲು ಬೇಕಾದಷ್ಟು ಸದಸ್ಯರಲ್ಲಿ ಒಬ್ಬರು ಕಡಿಮೆಯಾದರೂ ಅವರು ಗಡಿಯಾರ ನೋಡಿ ಕಾದು, ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದರು. ರಕ್ತ ಹೀರುವ ಉಂಬಳ ಕಚ್ಚಿಸಿಕೊಂಡು ಕಾಡುದಾರಿಯಲ್ಲಿ ಬಂದವರಿಗೆ ಮೈ ಉರಿಯುತ್ತಿತ್ತು. ಈರಪ್ಪಗೌಡರ ಕೇರಿಯ ಬಾವಿಕಟ್ಟೆ ಹೀಗೆಯೇ ಮುಂದೆ ಹೋಯಿತು. ಇನ್ನೊಬ್ಬ ಸದಸ್ಯ ಲಾರಿ ಶೀನಪ್ಪನ ಬೀದಿಯ ಮೋರಿಯ ವಿಷಯವನ್ನು, ಸಭೆಯ ನೋಟಿಸು ತಡವಾಯಿತೆಂದು ಒಂದು ತಿಂಗಳು ತಳ್ಳಿದ್ದರು. ಅಷ್ಟರಲ್ಲಿ ಮಳೆ ಹಿಡಿಯಿತು. ಶೀನಪ್ಪನ ಲಾರಿ ಮನೆ ಮುಂದಿನ ಕೆಸರಿನಲ್ಲಿ ಮಳೆಗಾಲವಿಡೀ ಹೂತು ಕೂತಿತು. ಅವನು ಕಾಮತರ ಮೇಲೆ ಅವಿಶ್ವಾಸ ಗೊತ್ತುವಳಿ ತಂದ. ಅನುಮೋದಕರೆಂದು ಸಹಿ ಹಾಕಿದವರು ಈರಪ್ಪಗೌಡರು.

ಸದಸ್ಯರು ಎರಡು ಪಾಲಾಗಿದ್ದರು. ಈರಪ್ಪಗೌಡರು ಯಾವ ಕಡೆಯೋ ಆ ಕಡೆ ಗೆಲುವು. ಕಾಮತರು ಹೋದರೆ ಮುಂದಿನ ಅಧ್ಯಕ್ಷ ಶೀನಪ್ಪನೇ. ಅವನು ಒಳ್ಳೆಯವನು, ಕೆಲಸಗಾರ, ಆದರೆ ಅವನ ಸಭೆ ಬಸ್ ಸ್ಟ್ಯಾಂಡಿನ ಹಾಗಿರುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಆ ಅಣ್ಣತಮ್ಮಂದಿರು ಯಾರ ಮೂಲಕ ಮಾತಾಡಬೇಕು? ಇದು ನನಗೆ ಹೊಳೆದದ್ದು ಸಭೆಯ ಹಿಂದಿನ ದಿನ. ಈರಪ್ಪಗೌಡರಿಗೆ ಹೊಳೆದಿತ್ತೋ ಇಲ್ಲವೋ ನಾನರಿಯೆ. ಕೇಳಲು ನನಗೆ ಅಧಿಕಾರವಿರಲಿಲ್ಲ.

ಆ ದಿನ ಕಾಮತರು ಬಂದವರೇ ಕುರ್ಚಿಯ ಹತ್ತಿರ ಹೋಗಲಿಲ್ಲ. ಹಿಂದಿನ ಬೆಂಚಿನಲ್ಲಿ ಪುಟ್ಟಮ್ಮನ ಪಕ್ಕ ಕೂತರು.

"ನನ್ನನ್ನ ತೆಗೆಯೋ ಮಾತು ನಡೆಯುವಾಗ ನಾನು ಅಲ್ಲಿ ಕೂರೋ ಹಾಗಿಲ್ಲ. ಉಪಾಧ್ಯಕ್ಷರು ಕೂರಬೇಕು" ಎಂದರು.

ಸಹಿ ಹಾಕುವಾಗ ಇದನ್ನು ಯಾರೂ ಯೋಚಿಸಿರಲಿಲ್ಲ. ಮಂಜಪ್ಪಗೌಡರು ಹೆಗಲ ಮೇಲಿನ ವಲ್ಲಿಯಿಂದ ಕುರ್ಚಿಯನ್ನೊಮ್ಮೆ ಒರೆಸಿ ಕೂತರು. ಶೀನಪ್ಪ ಎದ್ದು ಲಾರಿಯ ಕಥೆ ಹೇಳಿದ. ಹೇಳಿದ್ದೆಲ್ಲ ನಿಜವೇ. ಆಮೇಲೆ ಅನುಮೋದಕರ ಸರದಿ. ಅವರನ್ನು ಕುರ್ಚಿಯಲ್ಲಿದ್ದವರು ಹೆಸರು ಹಿಡಿದು ಕರೆಯಬೇಕು. ಮಂಜಪ್ಪಗೌಡರು ನನ್ನ ಕಡೆ ಬಾಗಿ, "ಸೆಕ್ರೆಟ್ರೇ, ನೀವೇ ಕರೀರಿ" ಎಂದರು. ನಾನು ಬಾಯಿ ತೆರೆದಿದ್ದೆ.

"ಕ್ರಿಯಾಲೋಪ, ಅಧ್ಯಕ್ಷರೇ" ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ಸಭೆ ನಿಯಮ ತಪ್ಪಿದಾಗ ಎತ್ತುವ ಆಕ್ಷೇಪಣೆ ಅದು. ಕಾಮತರು ನಿಂತಿದ್ದರು. "ಸದಸ್ಯರನ್ನ ಕರೆಯೋ ಅಧಿಕಾರ ಕುರ್ಚಿಗೆ ಮಾತ್ರ. ಸೆಕ್ರೆಟರಿಗಿಲ್ಲ."

"ನಿಮ್ಮನ್ನ ತೆಗೀಲಿಕ್ಕೆ ಕರೆಯೋದು ಮಾರಾಯ್ರೆ, ನಿಮಗೆಂತ ಅಷ್ಟು ಅರ್ಜೆಂಟು?" ಎಂದರು ಪುಟ್ಟಮ್ಮ.

"ಯಾರನ್ನ ತೆಗೆದರೂ ಕ್ರಮದಲ್ಲೇ ತೆಗೀಬೇಕು" ಎಂದು ಕಾಮತರು ಕೂತರು.

ಮಂಜಪ್ಪಗೌಡರು ಗಂಟಲು ಸರಿಮಾಡಿಕೊಂಡರು. ಎದುರಿನ ಗೋಡೆ ನೋಡುತ್ತ, "ಈರಪ್ಪ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಗೌಡರು ಮಾತಾಡ್ಬೇಕು" ಎಂದರು.

ತಮ್ಮ ಎದ್ದರು. ಅಭ್ಯಾಸಬಲದಿಂದ ಕಾಮತರ ಬೆಂಚಿನ ಕಡೆ ತಿರುಗಿ "ಅಧ್ಯಕ್ಷರೇ" ಎಂದರು. ಕಾಮತರು ಮಾತಾಡದೆ ಕುರ್ಚಿಯತ್ತ ಬೆರಳು ತೋರಿಸಿದರು. ಕೋಣೆಯಲ್ಲಿ ನಗು ಎದ್ದಿತು. ಈರಪ್ಪಗೌಡರು ನಿಧಾನವಾಗಿ ತಿರುಗಿದರು. ಆಗ ನಗು ತಾನಾಗಿಯೇ ನಿಂತಿತು.

"ಅಧ್ಯಕ್ಷರೇ."

"ಹೇಳಿ."

"ಈ ಕಾಮತ್ರು ನಿಯಮ ನಿಯಮ ಅಂತ ನಮ್ಮ ಪ್ರಾಣ ತಿಂದಿದಾರೆ. ಅದೇನು ಸುಳ್ಳಲ್ಲ. ನಮ್ಮ ಕೇರಿ ಬಾವಿಕಟ್ಟೆ ಇನ್ನೂ ಆಗಿಲ್ಲ. ಅದೂ ಸುಳ್ಳಲ್ಲ. ಆದ್ರೆ ಇವ್ರು ಹೋದ್ರೆ…"

 

"ಹೋದ್ರೆ ಎಂತ? ಹೇಳಿ ಗೌಡ್ರೇ, ನಂಗೆ ದನ ಕಟ್ಲಿಕ್ಕಿದೆ" ಎಂದರು ಪುಟ್ಟಮ್ಮ.

"ಇವ್ರು ಹೋದ್ರೆ ನಾನು ಯಾರ ಹತ್ರ ಹೇಳಿ ಕೇಳ್ಸಲಿ, ಅಣ್ಣಯ್ಯ?"

ನಾನು ಪಕ್ಕದಲ್ಲೇ ಕೂತಿದ್ದೆ. ಮಂಜಪ್ಪಗೌಡರ ಎರಡೂ ಕೈ ಕುರ್ಚಿಯ ತೋಳನ್ನು ಹಿಡಿದಿದ್ದವು. ಬೆರಳ ಗಿಣ್ಣುಗಳು ಬಿಳಿಚಿದ್ದವು. ಅವರು ಅತ್ತರೆಂದು ಆಮೇಲೆ ಊರಿನಲ್ಲಿ ಹೇಳಿದರು. ನಾನು ಕಣ್ಣೀರು ಕಾಣಲಿಲ್ಲ. ಕೈ ಕಂಡೆ.

"ಸಭೆಯಲ್ಲಿ ಅಣ್ಣಯ್ಯ ಅನ್ನೋ ಹಂಗಿಲ್ಲ" ಎಂದರು ಅವರು. "ಅಧ್ಯಕ್ಷರೇ ಅನ್ಬೇಕು."

"ಅಧ್ಯಕ್ಷರೇ" ಎಂದರು ತಮ್ಮ.

"ಹಾಂ. ಈಗ ಹೇಳು."

"ನನ್ನ ಸಹಿ ವಾಪಸ್ ತಗಳ್ತೀನಿ."

ಅನುಮೋದಕರಿಲ್ಲದ ಗೊತ್ತುವಳಿ ಅಲ್ಲಿಗೇ ಬಿದ್ದುಹೋಯಿತು. ಶೀನಪ್ಪ ಅತ್ತಿತ್ತ ನೋಡಿ, "ಅಣ್ಣತಮ್ಮ ಒಂದಾದ್ರಿ, ಸಂತೋಷ. ನನ್ನ ಲಾರಿ?" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಮತರು. ಬೆಂಚಿನಿಂದಲೇ ಅನುಮತಿ ಕೇಳಿ, ಮುಂದಿನ ಸಭೆಯ ಮೊದಲ ವಿಷಯ ಶೀನಪ್ಪನ ಮೋರಿ, ಎರಡನೆಯದು ಬಾವಿಕಟ್ಟೆ ಎಂದು ಸೂಚಿಸಿದರು. "ನೋಟಿಸು ಇವತ್ತೇ ಬರೀರಿ ಸೆಕ್ರೆಟ್ರೇ, ಆಮೇಲೆ ತಡ ಆಯ್ತು ಅಂತ ನಾನೇ ತಕರಾರು ಮಾಡಿಯೇನು" ಎಂದರು. ಮೋರಿ ಆಯಿತು. ಮುಂದಿನ ಮಳೆಗಾಲಕ್ಕೆ ಲಾರಿ ಓಡಾಡಿತು.

ಆದರೆ ಮುಂದಿನ ಸಭೆಯಲ್ಲಿ ನಡೆದದ್ದು ಕೇಳಿ. ಕಾಮತರು ಮತ್ತೆ ಕುರ್ಚಿಯಲ್ಲಿದ್ದರು. ಅಣ್ಣತಮ್ಮಂದಿರು ಒಂದೇ ಬೆಂಚಿನಲ್ಲಿ ಕೂತಿದ್ದರು. ನಾನು ಹಿಂದಿನ ಸಭೆಯ ನಡಾವಳಿ ಓದಲು ಶುರುಮಾಡಿದರೆ ಒಂದು ಅಕ್ಷರವೂ ಯಾರಿಗೂ ಕೇಳಿಸದು. ಮಗಳ ಗಂಡಿನ ಕಡೆಯವರು, ಮೊಣಕಾಲು, ಯಾರು ಸತ್ತರು, ಯಾರು ಊರು ಬಿಟ್ಟರು ಎಂದು ಹತ್ತು ವರ್ಷದ ಬಾಕಿ ಮಾತನ್ನೆಲ್ಲ ಅವರು ಅಲ್ಲೇ ಮುಗಿಸುವವರ ಹಾಗೆ ಕಂಡರು. ಕಾಮತರು ಗಂಟೆ ಬಾರಿಸಿದರು. ಎದ್ದು ನಿಂತರು, ಅಂದು ಪಂಚೆ ಅಡ್ಡಿ ಮಾಡಲಿಲ್ಲ. "ಸದಸ್ಯರು ತಮ್ಮತಮ್ಮಲ್ಲಿ ಮಾತಾಡ್ಬಾರದು" ಎಂದರು. ಇಬ್ಬರೂ ತಲೆ ಎತ್ತಲಿಲ್ಲ. ಕಾಮತರು ಸೋತವರ ಹಾಗೆ ನನ್ನ ಕಡೆ ಬಾಗಿದರು. ಮುಖ ಮಾತ್ರ ಅರಳಿತ್ತು.

"ಇವರ ಬಾಯಿ ಮುಚ್ಚಿಸೋಕೆ ಕಾಯ್ದೆಯಲ್ಲಿ ಏನಾದರೂ ಇದೆಯಾ, ಹುಡುಕಿ ನೋಡಿ ಮಾರಾಯ್ರೆ" ಎಂದರು. "ಗಡಿಬಿಡಿ ಏನಿಲ್ಲ."

ನಾನು ಬೇಕೆಂದೇ ನಿಧಾನವಾಗಿ ಹುಡುಕಿದೆ.

ಆಮೇಲೆ ನಾನು ತಾಲ್ಲೂಕು ಕಚೇರಿ, ಜಿಲ್ಲಾ ಕಚೇರಿ ಎಂದು ಏರಿದೆ. ದೊಡ್ಡ ದೊಡ್ಡ ಸಭೆಗಳ ಮೂಲೆಗಳಲ್ಲಿ ಫೈಲು ಹಿಡಿದು ನಿಂತೆ. ಕುರ್ಚಿಯಲ್ಲಿ ಕೂತವರನ್ನೆಲ್ಲ ನೋಡುವಾಗ, ಇವರ ಮೂಲಕ ಯಾರು ಯಾರೊಂದಿಗೆ ಮಾತಾಡಿಯಾರು ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದೆ. ಇದು ಸರ್ಕಾರಿ ನೌಕರನಿಗೆ ತಕ್ಕ ಅಭ್ಯಾಸವಲ್ಲ, ಬಡ್ತಿಯೂ ತಡವಾಯಿತು.

ಮೊನ್ನೆ ನಮ್ಮ ಪಿಂಚಣಿದಾರರ ಸಂಘದವರು ಮನೆಗೆ ಬಂದಿದ್ದರು. ಸಂಘದಲ್ಲಿ ಜಗಳ ಜಾಸ್ತಿಯಾಗಿದೆ, ನೀವು ಅಧ್ಯಕ್ಷರಾಗಿ, ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು ಎಂದರು. ಈ ವಯಸ್ಸಿನಲ್ಲಿ ಅಂಥ ಗೊಂಬೆಯ ಕೆಲಸ ನನಗೆ ಬೇಡ ಎಂದು ಕಾಫಿ ಕೊಟ್ಟು ಕಳಿಸಿದ್ದೆ. ಬೆಳಗಿನಿಂದ ಕೂತು ಇಷ್ಟನ್ನು ಬರೆದ ಮೇಲೆ ಎದ್ದು ಇಸ್ತ್ರಿ ಅಂಗಿ ಹಾಕಿಕೊಂಡೆ.

"ಈ ಬಿಸಿಲಲ್ಲಿ ಎಲ್ಲಿಗೆ?" ಎಂದಳು ಹೆಂಡತಿ.

"ಸಂಘಕ್ಕೆ. ಸುಮ್ಮನೆ ಕೂರೋ ಕೆಲಸ ಇದೆಯಂತೆ, ಒಪ್ಪಿಕೊಂಡು ಬರ್ತೇನೆ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸುಮ್ಮನೆ ಕೂರೋದಾ? ನೀವಾ?" ಎಂದಳು. "ಅಷ್ಟು ಕಷ್ಟದ್ದು ನಿಮ್ಮಿಂದ ಆಗ್ತದಾ?"

ನೋಡಬೇಕು ಎಂದು ಹೇಳಿ ಚಪ್ಪಲಿ ಮೆಟ್ಟಿದೆ.