ಆಷಾಢದಲ್ಲಿ ಹೊದಿಸಿದ ಚಾವಣಿ

ಮೈಸೂರಿನಲ್ಲಿ ಹುಟ್ಟಿ ಬೆಳೆದ ಮಹಾಲಕ್ಷ್ಮಿಗೆ ಮನೆಯ ನೆತ್ತಿ ಎಂದರೆ ತಾರಸಿ. ಸಂಡಿಗೆ ಒಣಹಾಕುವ ಜಾಗ, ಅತ್ತೆ ಬೈದಾಗ ಹೋಗಿ ಅತ್ತು ಬರುವ ಜಾಗ. ಅದು ಎದ್ದು ಹಾರಿಹೋದೀತೆಂದು ಅಲ್ಲಿ ಯಾವ ಹುಚ್ಚರೂ ಹೆದರುವುದಿಲ್ಲ. ಮಲೇಷ್ಯಾದ ಪೆನಾಂಗಿಗೆ ಬಂದು, ಅಲ್ಲಿನ ಬಯಾನ್ ಲೆಪಾಸಿನಲ್ಲಿ ಹಳೆಯ ಸಾಲುಮನೆಯೊಂದನ್ನು ಕೊಂಡ ಮೇಲೆ ಆ ಹೆದರಿಕೆಯೂ ಶುರುವಾಯಿತು. ಇಲ್ಲಿ ಚಾವಣಿ ಎಂದರೆ ಮರದ ರೀಪಿನ ಮೇಲೆ ಹೊದಿಸಿದ ಜಿಂಕ್ ಶೀಟು. ಸಮುದ್ರದಾಚೆಯ ಸುಮಾತ್ರಾದಿಂದ ಬೆಳಗಿನ ಜಾವ ನುಗ್ಗಿ ಬರುವ ಬಿರುಗಾಳಿಗೆ ಊರಿನವರು ‘ಸುಮಾತ್ರಾ’ ಎಂದೇ ಹೆಸರಿಟ್ಟಿದ್ದಾರೆ, ಯಾರೋ ಕಾಟ ಕೊಡುವ ನೆಂಟರ ಹಾಗೆ.

ಎರಡು ಸಾವಿರದ ಇಪ್ಪತ್ತರ ಜುಲೈ ಮೊದಲಲ್ಲಿ ಆ ನೆಂಟ ಬಂದ. ಹಿಂದಿನ ಕೋಣೆಯ ಮೇಲಿನ ಎರಡು ಶೀಟುಗಳು ಕಿತ್ತುಕೊಂಡು ಹೋಗಿ, ಪಕ್ಕದ ಮನೆಯ ಜೈತೂನ್ ಬಟ್ಟೆ ಒಗೆಯುವ ಜಾಗಕ್ಕೇ ಬಿದ್ದವು. ಅರ್ಧ ಗಂಟೆ ತಡವಾಗಿದ್ದರೆ ಜೈತೂನ್ ಅಲ್ಲಿರುತ್ತಿದ್ದಳು. ಮಹಾಲಕ್ಷ್ಮಿ ಓಡಿಹೋಗಿ ನೋಡಿದಾಗ ಬಕೆಟ್ಟು ಎರಡು ತುಂಡಾಗಿತ್ತು.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಮಗಳು ಪೂರ್ವಿ. ಗಂಡ ವಿಠಲ ಇಲ್ಲಿನ ಚಿಪ್ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ತಂದೆಯ ತಿಥಿಗೆಂದು ಮಾರ್ಚಿನಲ್ಲಿ ಮೈಸೂರಿಗೆ ಹೋದ. ಪಿಂಡ ಇಟ್ಟು ಕೈ ತೊಳೆಯುವಷ್ಟರಲ್ಲಿ ಲಾಕ್‌ಡೌನ್ ಬಂದು ಅಲ್ಲೂ ಬಾಗಿಲು ಹಾಕಿತು, ಇಲ್ಲೂ ಹಾಕಿತು. ಅಕ್ಕ ರತ್ನಮ್ಮನ ಮನೆಯಲ್ಲಿ ಕೂತು ದಿನಾ ಫೋನು ಮಾಡುತ್ತಿದ್ದ. ಸಂಬಳ ನಿಂತಿತ್ತು. ಜುಲೈ ಮುಗಿಯುವುದರೊಳಗೆ ಪೆನಾಂಗಿಗೆ ಬಂದಿಳಿಯದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಕಾರ್ಖಾನೆಯವರು ಹೇಳಿದ್ದರು. ತಿಂಗಳ ಕೊನೆಗೆ ಹೊರಡಲಿದ್ದ ವಿಶೇಷ ವಿಮಾನದ ಟಿಕೆಟ್ಟು, ಇಳಿದ ಮೇಲೆ ಕ್ವಾರಂಟೈನ್ ಹೋಟೆಲಿನ ಬಾಡಿಗೆ, ಎಲ್ಲಕ್ಕೆಂದು ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡನ್ನು ಮಹಾಲಕ್ಷ್ಮಿ ಮುಟ್ಟದೆ ಕಾದಿಟ್ಟಿದ್ದಳು. ಅದೊಂದೇ ಇದ್ದ ದುಡ್ಡು. ಅವಳು ಮಾಡಿ ಮಾರುತ್ತಿದ್ದ ಬಿಸಿಬೇಳೆಬಾತಿನ ತಪಾವ್, ಅಂದರೆ ಮನೆಗೆ ಒಯ್ಯಲು ಕಟ್ಟಿಕೊಡುವ ಪೊಟ್ಟಣಗಳಿಂದ ತರಕಾರಿ ಖರ್ಚು ಹುಟ್ಟಿದರೆ ಅದೇ ಹೆಚ್ಚು.

ಚಾವಣಿ ನೋಡಲು ಬಂದ ಮೇಸ್ತ್ರಿ ಸೆಲ್ವಂ ಏಣಿ ಇಳಿದು ಮಾಸ್ಕು ಸರಿಮಾಡಿಕೊಂಡ. ಅವನ ತಮಿಳು ಅವಳಿಗೆ ಈಗ ಕನ್ನಡದಷ್ಟೇ ಸಲೀಸು, ಇಲ್ಲಿನವರು ಮಾತಿನ ಕೊನೆಗೆ ಅಂಟಿಸುವ ‘ಲಾ’ ಕೂಡ.

“ಅಕ್ಕಾ, ಎರಡು ಶೀಟು ಹಾಕಿ ಕೈ ತೊಳ್ಕೊಳ್ಳೋ ಕೆಲಸ ಅಲ್ಲ ಲಾ. ರೀಪೆಲ್ಲ ಗೆದ್ದಲು ತಿಂದಿದೆ. ಉಳಿದ ಶೀಟೂ ಅಲ್ಲಾಡ್ತಿವೆ. ಪೂರ್ತಿ ಬಿಚ್ಚಿ ಹೊಸದಾಗಿ ಹಾಕ್ಬೇಕು.”

“ಎಷ್ಟಾಗುತ್ತೆ?”

“ಹದಿನಾಲ್ಕು ಸಾವಿರ ರಿಂಗಿಟ್. ಆದರೆ ಆಡಿ ತಿಂಗಳು ಬಂತು, ನಿಮ್ಮ ಆಷಾಢದ ಹಾಗೇ. ನಮ್ಮ ಜನ ಯಾರೂ ಈಗ ಮನೆ ಕೆಲಸ ಶುರು ಮಾಡಲ್ಲ, ನನ್ನ ಹುಡುಗರು ಸುಮ್ನೆ ಕೂತಿದಾರೆ. ಈಗಲೇ ಮಾಡಿಸಿದ್ರೆ ಹನ್ನೊಂದಕ್ಕೆ ಮುಗಿಸ್ಕೊಡ್ತೀನಿ. ಆಡಿ ಕಳೀತು ಅಂದ್ರೆ ನಾನೂ ಸಿಗಲ್ಲ, ಈ ರೇಟೂ ಸಿಗಲ್ಲ.”

ಬ್ಯಾಂಕಿನಲ್ಲಿದ್ದದ್ದು ಹನ್ನೊಂದರ ಮೇಲೆ ಚೂರು. ಚಾವಣಿ ಹಾಕಿಸಿದರೆ ಗಂಡ ಬರುವ ಹಾಗಿಲ್ಲ, ಗಂಡನನ್ನು ಕರೆಸಿದರೆ ಚಾವಣಿ ಇಲ್ಲ. ಬ್ಯಾಂಕಿನವರು ಮನೆ ಸಾಲದ ಜೊತೆ ಮಾಡಿಸಿದ್ದ ವಿಮೆ ಬೆಂಕಿಗೆ ಮಾತ್ರವಂತೆ, ಗಾಳಿಗಲ್ಲವಂತೆ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಅದು ಅವಳ ಅಡುಗೆಮನೆಗೇ ಬಂದು ಕೂತಿತ್ತು.

ಇದರಲ್ಲಿ ಅವಳದೂ ಒಂದು ತಪ್ಪಿತ್ತು. ದೂರದಲ್ಲಿರುವವನು ಗಾಬರಿಯಾಗುತ್ತಾನೆಂದು “ಎರಡು ಶೀಟು ಹೋಗಿದೆ ಅಷ್ಟೇ, ಟಾರ್ಪಾಲು ಕಟ್ಟಿಸಿದೀನಿ” ಎಂದು ಗಂಡನಿಗೆ ಹೇಳಿಬಿಟ್ಟಿದ್ದಳು. ಅವನೂ ಅದನ್ನೇ ನಂಬಿಕೊಂಡು, “ಆಷಾಢದಲ್ಲಿ ಯಾರಾದ್ರೂ ಮನೆ ಬಿಚ್ತಾರಾ ಲಕ್ಷ್ಮೀ? ಶ್ರಾವಣ ಬರ್ಲಿ. ನಾನೇ ಬಂದು ನಿಂತು ಮಾಡಿಸ್ತೀನಿ” ಅಂದುಬಿಟ್ಟ. ಅವಳಿಗೂ ಒಳಗೊಳಗೆ ಅದೇ ಭಯ. ಆಷಾಢದಲ್ಲಿ ಹೊಸ ಕೆಲಸಕ್ಕೆ ಕೈ ಹಾಕಿ ಇನ್ನೇನಾದರೂ ಆದರೆ? ಬರಗಾಲದಲ್ಲಿ ಅಧಿಕ ಮಾಸ ಬಂದಂತೆ ಈ ಆಷಾಢವೂ ಈಗಲೇ ಬರಬೇಕಿತ್ತೇ?

ಹಾಗಾಗಿ ಕಾದಳು. ಕಾಯುವುದೆಂದರೆ ಏನೆಂದು ಕಾದವರಿಗೇ ಗೊತ್ತು. ಎಲೆ ಅಲ್ಲಾಡಿದರೆ ಕಿಟಕಿಗೆ ಓಡುವಳು. ಟಾರ್ಪಾಲು ಪಟಪಟ ಅಂದರೆ ಒಲೆ ಆರಿಸಿ ಹಿತ್ತಲಿಗೆ ಬಂದು ನಿಲ್ಲುವಳು. ಒಗ್ಗರಣೆ ಎಷ್ಟು ಸಲ ಸೀದಿತೋ ಲೆಕ್ಕವಿಲ್ಲ. ಪೂರ್ವಿಗೆ ಅಮ್ಮನ ಈ ಓಡಾಟ ನೋಡಿ ನೋಡಿ ತಲೆ ಕೆಟ್ಟಿತು.

“ಅಮ್ಮಾ, ಜಸ್ಟ್ ಪೇ ಹಿಮ್ ಲಾ. ಡ್ಯಾಡಿ ವಿಲ್ ಅಂಡರ್‌ಸ್ಟ್ಯಾಂಡ್.”

“ನಿಮ್ಮ ಡ್ಯಾಡಿ ಕೆಲಸ ಹೋಗುತ್ತಲ್ಲೇ, ಅದನ್ನ ಯಾರು ಅಂಡರ್‌ಸ್ಟ್ಯಾಂಡ್ ಮಾಡ್ಕೋಬೇಕು?” ಎಂದು ರೇಗಿದಳು. ರೇಗಿದ ಮೇಲೆ ಪಾಪ ಅನ್ನಿಸಿ ದೋಸೆ ಹೊಯ್ದು ಕೊಟ್ಟಳು.

ಅಮಾವಾಸ್ಯೆಯ ಹಿಂದಿನ ದಿನ ಜೈತೂನ್ ಬೇಲಿಯ ಹತ್ತಿರ ಬಂದಳು. ಜಗಳಕ್ಕೆ ಬಂದಿರಲಿಲ್ಲ. ಬಂದಿದ್ದರೆ ಮಹಾಲಕ್ಷ್ಮಿಗೆ ಉತ್ತರ ಕೊಡುವುದು ಸುಲಭವಿತ್ತು. ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ ತನ್ನ ಮುದಿ ತಾಯಿಯನ್ನು ಮುಂದಿನ ಹಜಾರಕ್ಕೆ ತಂದು ಮಲಗಿಸಿದ್ದೇವೆ, ಗಾಳಿ ಬಂದರೆ ಅಮ್ಮ ನಡುಗುತ್ತಾಳೆ ಎಂದು ಮೆಲ್ಲನೆ ಮಲಯ ಭಾಷೆಯಲ್ಲಿ ಹೇಳಿದಳು. ಹೇಳಿ, ಒಂದು ಡಬ್ಬಿ ಬಾಳೆಹಣ್ಣಿನ ಬಜ್ಜಿ ಕೊಟ್ಟು ಹೋದಳು. ಮಹಾಲಕ್ಷ್ಮಿ ಒಂದು ಬಜ್ಜಿಯನ್ನೂ ತಿನ್ನದೆ ಡಬ್ಬಿ ಮುಚ್ಚಿಟ್ಟಳು. ತನ್ನ ಮನೆಯ ತಗಡು ಬೇರೆಯವರ ಮುದುಕಿಯ ಕತ್ತಿನ ಮೇಲೆ ತೂಗುತ್ತಿರುವಾಗ ತಾನು ಪಂಚಾಂಗ ನೋಡುತ್ತ ಕೂತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಭೀಮನ ಅಮಾವಾಸ್ಯೆ, ಗಂಡನ ಆಯುಸ್ಸಿಗಾಗಿ ಅವನ ಪಾದಪೂಜೆ ಮಾಡುವ ದಿನ. ಸ್ನಾನ ಮಾಡಿ, ದೇವರ ದೀಪ ಹಚ್ಚುವ ಮೊದಲೇ ಮಹಾಲಕ್ಷ್ಮಿ ಸೆಲ್ವಂಗೆ ದುಡ್ಡು ಕಳಿಸಿದಳು. ಪಾಸ್‌ವರ್ಡ್ ಒಂದು ಸಲ ತಪ್ಪಾಯಿತು, ಮತ್ತೆ ಒತ್ತಿದಳು.

ಆಮೇಲೆ ಫೋನಿನಲ್ಲಿ ಪೂಜೆ. ಮೈಸೂರಿನಲ್ಲಿ ರತ್ನಮ್ಮ ಫೋನು ಹಿಡಿದು ನಿಂತಿದ್ದರು. ವಿಠಲ ಮಣೆಯ ಮೇಲೆ ಕೂತು ಕಾಲು ಚಾಚಿದ್ದ. ಪರದೆ ತುಂಬ ಅವನ ಎರಡು ಪಾದ, ಒಡೆದ ಹಿಮ್ಮಡಿ. “ಬೇಗ ಮುಗಿಸಮ್ಮಾ, ಕಾಲು ಜೋಮು ಹಿಡೀತಿದೆ ಇವನಿಗೆ,” ಎಂದು ರತ್ನಮ್ಮ ನಕ್ಕರು. ಮಹಾಲಕ್ಷ್ಮಿ ಫೋನಿಗೇ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಕೈಗೆ ದಾರ ಕಟ್ಟಿಕೊಂಡು ನಮಸ್ಕಾರ ಮಾಡಿದಳು. ಬಗ್ಗಿದವಳು ಏಳಲಿಲ್ಲ.

“ರೀ, ನಿಮ್ಮ ಟಿಕೆಟ್ ದುಡ್ಡನ್ನ ಚಾವಣಿಗೆ ಕೊಟ್ಬಿಟ್ಟೆ. ಈಗ ತಾನೇ ಕೊಟ್ಟೆ. ಎರಡು ಶೀಟಲ್ಲ, ಪೂರ್ತಿ ಹೋಗಿದೆ. ನಾನೇ ನಿಮಗೆ ಸರಿಯಾಗಿ ಹೇಳಿರಲಿಲ್ಲ.”

ಪರದೆಯ ಮೇಲಿದ್ದ ಪಾದಗಳು ಮೆಲ್ಲಗೆ ಹಿಂದೆ ಸರಿದವು. ಬರೀ ಮಣೆ ಕಾಣುತ್ತಿತ್ತು. ಮರೆಯಿಂದ ವಿಠಲನ ದನಿ ಬಂತು.

“ಮೊಳೆ ಹೊಡೆಸ್ಬೇಡ. ಸ್ಕ್ರೂ ಹಾಕ್ಸು. ಮೊಳೆ ಗಾಳಿಗೆ ನಿಲ್ಲಲ್ಲ.”

ಅಷ್ಟು ಹೇಳಿ ಫೋನಿಟ್ಟ.

ಸೆಲ್ವಂನ ಹುಡುಗರು ವಾರದೊಳಗೆ ಕೆಲಸ ಮುಗಿಸಿದರು. ಮಹಾಲಕ್ಷ್ಮಿ ಕೆಳಗೆ ನಿಂತು ಒಂದೊಂದು ಸ್ಕ್ರೂಗೂ ಕತ್ತೆತ್ತಿ ನೋಡಿ, ಸಾಕಪ್ಪಾ ಈ ಹೆಂಗಸಿನ ಕಾಟ ಎಂದು ಅವರಿಗೆ ಅನ್ನಿಸುವಷ್ಟು ಕಾಡಿದಳು. ವಿಠಲ ದಿನಾ ಫೋನು ಮಾಡಿದರೂ ಕಾರ್ಖಾನೆಯ ಮಾತು ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಜುಲೈ ಮುಗಿಯಿತು.

ಶ್ರಾವಣದ ಒಂದು ಬೆಳಗಿನ ಜಾವ ಸುಮಾತ್ರಾ ಮತ್ತೆ ಬಂತು. ಹಿತ್ತಲ ಪಪ್ಪಾಯಿ ಗಿಡ ಮುರಿದು ಬಿತ್ತು. ತಾಯಿ ಮಗಳು ಇಬ್ಬರೂ ಹಿಂದಿನ ಕೋಣೆಯಲ್ಲಿ ಕೈ ಹಿಡಿದುಕೊಂಡು ಮೇಲೆ ನೋಡುತ್ತ ಕೂತರು. ಚಾವಣಿ ಗುಡುಗಿತು, ನಡುಗಿತು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಒಂದು ಹನಿಯೂ ಒಳಗೆ ಬೀಳಲಿಲ್ಲ. ಮಹಾಲಕ್ಷ್ಮಿ ತಡೆಯಲಾರದೆ ಗಂಡನಿಗೆ ಫೋನು ಹಚ್ಚಿ, ಏನೂ ಹೇಳದೆ ಅದನ್ನು ಮೇಲಕ್ಕೆತ್ತಿ ಹಿಡಿದಳು.

“ನಮ್ಮನೆ ಸದ್ದಾ ಅದು?” ಎಂದು ವಿಠಲ ಕೇಳಿದ.

“ಹೂಂ.”

“ಸೋರ್ತಿಲ್ವಾ?”

“ಇಲ್ಲ ರೀ. ಒಂದು ಹನೀನೂ ಇಲ್ಲ.”

ಇನ್ನೂ ಸ್ವಲ್ಪ ಮೇಲೆ ಹಿಡಿ ಎಂದು ಹೇಳಿ, ಆಮೇಲೆ ಅವನು ಅಂದ: “ನನ್ನ ಜಾಗಕ್ಕೆ ಬೇರೆಯವರನ್ನ ತಗೊಂಡ್ರಂತೆ ಲಕ್ಷ್ಮೀ. ನಿನ್ನೆ ಹೇಳಿದ್ರು.”

ಅವಳಿಗೆ ಹೇಳಲು ಹೊಳೆದದ್ದು ಒಂದೇ ಮಾತು. “ಮನೆ ಇದೆ ರೀ. ನೀವು ಯಾವಾಗ ಬಂದ್ರೂ ಮನೆ ಇದೆ.”

ಅಷ್ಟು ಮಳೆಯ ಸದ್ದಿನಲ್ಲೂ ವಿಠಲ ಅಳುತ್ತಿರುವುದು ಅವಳಿಗೆ ಕೇಳಿಸಿತು.